ಹಾಸನದ ಬಸ್ಸಿನಲ್ಲಿ ಗುಂಡಿ ಹಾಕಿದ್ದು

ನನ್ನ ಬದುಕಿನ ಮೊದಲ ಕೆಲಸದಿಂದ ನನ್ನನ್ನು ಮೂರನೇ ದಿನವೇ ತೆಗೆದುಹಾಕಿದರು. ಆಗ ನನಗೆ ಹದಿನೈದು ವರ್ಷ.

ನಗಬೇಡಿ. ಅರವತ್ತರ ದಶಕದ ಬೇಲೂರು. ಎಸ್ಸೆಸ್ಸೆಲ್ಸಿಗೆ ಕಾಲಿಡುವ ಮೊದಲಿನ ಬೇಸಿಗೆ ರಜೆ. ನಮ್ಮ ಬೀದಿಯಲ್ಲಿ ಗೌರಮ್ಮ ಎಂಬುವರು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದರು. ಹಗರೆ ಕಡೆಯ ಒಕ್ಕಲು ಮನೆತನ, ಗಂಡ ತೀರಿಕೊಂಡ ಮೇಲೆ ಬೇಲೂರಿಗೆ ಬಂದು ನೆಲೆ ನಿಂತವರು. ಬೇಸಿಗೆ ಬಂತೆಂದರೆ ಅವರಿಗೆ ಸ್ಕೂಲ್ ಯೂನಿಫಾರಂಗಳ ಸುಗ್ಗಿ. ಅವರು ಹೊಲಿದ ಅಂಗಿಗಳಿಗೆ ಕಾಜಾ ಮಾಡಿ, ಗುಂಡಿ ಹಾಕುವುದು ನನ್ನ ಕೆಲಸ. (ಕಾಜಾ ಅಂದರೆ ಗುಂಡಿ ತೂರಿಸುವ ತೂತು. ಈಗ ಅದನ್ನು ಮಷೀನೇ ಮಾಡುತ್ತದೆ. ಆಗ ಬೆರಳುಗಳೇ ಮಷೀನು.)

ತೊಂದರೆ ಬಂದಿದ್ದು ಸಂಜೆ ನಾಲ್ಕು ಗಂಟೆಯಿಂದ.

ನಾನು ಶಾಲೆಯ ಥ್ರೋಬಾಲ್ ಟೀಮಿನಲ್ಲಿದ್ದೆ. ಜೂನ್ ಮೊದಲಲ್ಲೇ ಹಾಸನದಲ್ಲಿ ಮ್ಯಾಚು. ನಮ್ಮ ಪಿ.ಟಿ. ಟೀಚರ್ ಲಲಿತಾ ಮಿಸ್ಸು ರಜೆಯಲ್ಲೂ ಬಿಡುವವರಲ್ಲ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ನಾಲ್ಕರಿಂದ ಆರು. ಎರಡು ಸಲ ತಪ್ಪಿಸಿದರೆ ಟೀಮಿನಿಂದ ಔಟ್. ಗೌರಮ್ಮನವರದೋ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರವರೆಗೆ. ಮೂರು ದಿನ ನಾನು ನಾಲ್ಕು ಹೊಡೆಯುತ್ತಲೇ ಸೂಜಿ ಇಟ್ಟು ಓಡಿದೆ. ಮೂರನೇ ದಿನ ಅವರು ಮಷೀನು ನಿಲ್ಲಿಸಿದರು.

"ನಾಲ್ಕಕ್ಕೆ ಎದ್ದೋಗೋ ಕೆಲಸ ನನ್ ತಾವ ಇಲ್ಲ ಕಣವ್ವ. ನಾಳೆಯಿಂದ ಬರಬ್ಯಾಡ."

ಅಷ್ಟೇ. ಮನೆಗೆ ಬಂದರೆ ಅಪ್ಪ ಹೇಳಿದ್ದೂ ಅಷ್ಟೇ. "ಒಳ್ಳೇದೇ ಆಯ್ತು. ಆ ಚೆಂಡಾಟಾನೂ ಬಿಟ್ಟು ಪುಸ್ತಕ ಹಿಡ್ಕೊಂಡು ಕೂತ್ಕೋ."

ಪುಸ್ತಕವೇನೋ ಹಿಡಿಯಬಹುದಿತ್ತು. ಬೋರ್ಡು? ಎರಡನೇ ಬೆಂಚಿನಲ್ಲಿ ಕೂತರೂ ನನಗೆ ಬೋರ್ಡಿನ ಮೇಲಿನದು ಸುಣ್ಣ ಬಳಿದಂತೆ ಕಾಣುತ್ತಿತ್ತು. ಪಕ್ಕದವಳ ನೋಟ್ಸು ನೋಡಿ ಬರೆದೇ ಒಂದು ವರ್ಷ ದೂಡಿದ್ದೆ. ಕನ್ನಡಕ ಬೇಕು ಎಂದು ಕೇಳಿದ್ದಕ್ಕೆ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದರು: "ಹುಡುಗಿ ಮುಖಕ್ಕೆ ಕನ್ನಡಕ ಏರಿಸಿದ್ರೆ ಯಾರು ಕಣೇ ಒಪ್ತಾರೆ? ನನಗೇ ಇಲ್ಲದ್ದು ನಿನಗ್ಯಾಕೆ?" ಅಪ್ಪ ದೇವಸ್ಥಾನದ ಆಫೀಸಿನಲ್ಲಿ ಗುಮಾಸ್ತರು. ಅವರ ಮಾತಿಗೆ ಮನೆಯಲ್ಲಿ ಅಪೀಲಿಲ್ಲ.

ಆದ್ದರಿಂದ ದುಡಿದೇ ಕೊಳ್ಳುವುದು ಎಂದು ತೀರ್ಮಾನಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಲಲಿತಾ ಮಿಸ್ಸಿಗಂತೂ ಹೇಳುವ ಹಾಗೇ ಇರಲಿಲ್ಲ. ದೂರದಿಂದ ಬಂದ ಬಾಲು ಕೈತಪ್ಪಿದಾಗಲೆಲ್ಲ "ಕಣ್ಣೆಲ್ಲೇ ಇಟ್ಟಿದೀಯಾ?" ಎಂದು ಕೂಗುತ್ತಿದ್ದರು. ಕಣ್ಣೇ ಸರಿಯಿಲ್ಲ ಎಂದರೆ ಟೀಮಿನಲ್ಲಿ ಇಟ್ಟುಕೊಳ್ಳುತ್ತಾರೆಯೇ?

ನಾಲ್ಕನೇ ದಿನ ಬೆಳಿಗ್ಗೆ ಪ್ರಾಕ್ಟೀಸು ಮುಗಿಸಿ ನೇರ ಗೌರಮ್ಮನವರ ಬಾಗಿಲಿಗೇ ಹೋದೆ.

"ಯಾಕ್ ಬಂದೆ? ಬರಬ್ಯಾಡ ಅಂದಿದ್ನಲ್ಲ?"

"ಗಂಟೆ ಲೆಕ್ಕ ಬೇಡ, ಗೌರಮ್ಮನೋರೇ. ಇಷ್ಟು ಅಂಗಿ ಅಂತ ಕೊಟ್ಟುಬಿಡಿ. ನಾಲ್ಕರೊಳಗೆ ಮುಗಿಸಿಕೊಟ್ಟು ಹೋಗ್ತೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮಪ್ಪಂಗೆ ಸಂಬಳ ಬತ್ತೈತೆ. ನಿಂಗ್ಯಾಕವ್ವ ಈ ಪಾಡು?"

ಹೇಳಿದೆ. ಬೋರ್ಡು, ಕನ್ನಡಕ, ಅಪ್ಪ, ಎಲ್ಲವನ್ನೂ. ಅಯ್ಯೋ ಪಾಪ ಎನ್ನುತ್ತಾರೆಂದು ಕಾದೆ. ಅವರು ಮಷೀನಿನ ಕೆಳಗಿನಿಂದ ಅಂಗಿಗಳ ಗಂಟು ಎಳೆದು ನನ್ನ ಮಡಿಲಿಗೆ ಹಾಕಿದರು.

"ದಿನಕ್ಕೆ ಎಂಟು. ಮುಗಿಸಿದ್ರೆ ಓಡು. ಮುಗೀಲಿಲ್ವಾ, ಆಟ ಮರ್ತುಬಿಡು."

ಮೊದಲ ದಿನ ನಾಲ್ಕು ಗಂಟೆಗೆ ಐದೇ ಅಂಗಿ ಮುಗಿದಿತ್ತು. ಕೂತೆ. ಪ್ರಾಕ್ಟೀಸು ತಪ್ಪಿತು. ಇನ್ನೊಂದು ಸಲ ತಪ್ಪಿದರೆ ಔಟ್. ಆ ಸಂಜೆ ಅತ್ತೆನಾ? ಇಲ್ಲ. ಅಡುಗೆಮನೆಯಲ್ಲಿ ಕೂತು ಜೋರಾಗಿಯೇ ಲೆಕ್ಕ ಹಾಕಿದೆ. ಸಮಯ ಎಲ್ಲಿ ಹೋಗುತ್ತಿದೆ? ಸೂಜಿಗೆ ದಾರ ಪೋಣಿಸುವುದರಲ್ಲಿ ಹೋಗುತ್ತಿದೆ. ಊಟಕ್ಕೆ ಮನೆಗೆ ಬಂದು ಹೋಗುವುದರಲ್ಲಿ ಹೋಗುತ್ತಿದೆ. ಅಮ್ಮ ಕೇಳಿಸಿಕೊಂಡರು. ಮರುದಿನ ನಾನು ಪ್ರಾಕ್ಟೀಸಿಗೆ ಹೊರಡುವಾಗ ಹೊಸಿಲ ಬಳಿ ಮೊಸರವಲಕ್ಕಿಯ ಡಬ್ಬಿ ಇತ್ತು. ಪಕ್ಕದಲ್ಲಿ ಒಂದು ಬಟ್ಟೆಯ ತುಂಡಿಗೆ ಸಾಲಾಗಿ ಚುಚ್ಚಿದ ಇಪ್ಪತ್ತು ಸೂಜಿಗಳು. ಎಲ್ಲಕ್ಕೂ ಬಿಳಿ ದಾರ ಪೋಣಿಸಿತ್ತು.

ಆ ದಿನ ಏಳು ಅಂಗಿಯಾಯಿತು. ಎಂಟನೆಯದನ್ನು "ಬೆಳಿಗ್ಗೆ ತಂದ್ಕೊಡು" ಎಂದು ಗೌರಮ್ಮ ಬಿಟ್ಟುಕೊಟ್ಟರು. ವಾರ ಕಳೆಯುವುದರೊಳಗೆ ಮೂರೂ ಮುಕ್ಕಾಲಿಗೇ ಎಂಟು ಮುಗಿಯತೊಡಗಿತು. ಬೆರಳ ತುದಿ ಎಷ್ಟು ಜಡ್ಡುಗಟ್ಟಿತೆಂದರೆ ಬಾಲು ಎಷ್ಟು ಜೋರಾಗಿ ಬಂದರೂ ನೋಯುತ್ತಿರಲಿಲ್ಲ. (ಬಂದದ್ದು ಕಂಡರೆ ತಾನೇ, ಅದು ಬೇರೆ ಮಾತು.)

ಕೊನೆಗೂ ಆಟ, ಕೆಲಸ ಎರಡೂ ಡಿಕ್ಕಿ ಹೊಡೆದವು. ಹಾಸನದ ಮ್ಯಾಚಿನ ದಿನವೇ ಇಪ್ಪತ್ನಾಲ್ಕು ಅಂಗಿಗಳ ಡೆಲಿವರಿ. ಕಾಜಾ ಆಗಿತ್ತು, ಗುಂಡಿ ಬಾಕಿ. "ಸಂಜೆ ಏಳಕ್ಕೆ ಬತ್ತಾರೆ" ಎಂದರು ಗೌರಮ್ಮ. ನಾನು ಅಂಗಿಗಳನ್ನು ದೊಡ್ಡ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ. ಬೇರೆ ದಾರಿ ಇತ್ತೇ?

ಬಸ್ಸು ಊರು ದಾಟುವ ಮೊದಲೇ ನಮ್ಮ ಕ್ಯಾಪ್ಟನ್ ವಸಂತಾ ಚೀಲಕ್ಕೆ ಕೈ ಹಾಕಿದಳು. "ಒಬ್ಳೇ ಯಾವಾಗ ಮುಗಿಸ್ತೀಯೇ? ಕೊಡೇ ಇಲ್ಲಿ." ಆಮೇಲೆ ಎಲ್ಲರ ಮಡಿಲಲ್ಲೂ ಒಂದೊಂದು ಬಿಳಿ ಅಂಗಿ. ಲಲಿತಾ ಮಿಸ್ಸು ತಿರುಗಿ ನೋಡಿದರು. ಬೈಗುಳಕ್ಕೆ ಸಿದ್ಧಳಾದೆ. ಅವರು ಕೈ ಚಾಚಿದರು. "ನಂಗೂ ಒಂದು ಸೂಜಿ ಕೊಡೇ."

ಹಗರೆಯಲ್ಲಿ ಹತ್ತಿದ ಒಬ್ಬ ತಾತ ನಮ್ಮನ್ನೆಲ್ಲ ನೋಡಿ ನಿಂತೇಬಿಟ್ಟ. "ಏನವ್ವಾ, ಟೈಲರಿಂಗ್ ಪರೀಕ್ಷೆಗಾ?"

"ಅಲ್ಲ ತಾತ, ಮ್ಯಾಚಿಗೆ!"

ಮೊದಲ ಮ್ಯಾಚು ಗೆದ್ದೆವು. ಎರಡನೆಯದನ್ನು ಎರಡು ಪಾಯಿಂಟಿನಲ್ಲಿ ಸೋತೆವು. ಅದರಲ್ಲೊಂದು ನನ್ನದು. ಬಿಸಿಲಿಗೆ ಎದುರಾಗಿ ಬಂದ ಬಾಲು ನನಗೆ ಕಾಣಲೇ ಇಲ್ಲ. ವಾಪಸ್ಸು ಬರುವಾಗ ಮತ್ತೆ ಎಲ್ಲರ ಮಡಿಲಲ್ಲೂ ಅಂಗಿ. ಉಳಿದ ಗುಂಡಿಗಳನ್ನು ಹಾಕಿ ಮುಗಿಸಿದರು.

ಆರೂವರೆಗೆ ಗೌರಮ್ಮ ಅಂಗಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಆರು ಅಂಗಿಗಳನ್ನು ಪಕ್ಕಕ್ಕೆಸೆದರು. ಗುಂಡಿ ಒಂದು ಕಡೆ, ಕಾಜಾ ಇನ್ನೊಂದು ಕಡೆ.

"ಯಾವಳೇ ಇದನ್ನ ಹಾಕ್ದೋಳು?"

ಬಸ್ಸಿಳಿದು ಜೊತೆಗೇ ಬಂದಿದ್ದ ಲಲಿತಾ ಮಿಸ್ಸು ನನ್ನ ಬೆನ್ನ ಹಿಂದೆ ನಿಂತಿದ್ದರು. "ನಾನೇ ಕಣ್ರೀ, ಒಂದೆರಡು..."

"ಬಿಚ್ಚಿ ಮತ್ತೆ ಹಾಕಿ. ನೀವೂ ಕೂತ್ಕಳಿ, ಮೇಡಮ್ಮೋರೇ."

ಇಡೀ ಶಾಲೆಯನ್ನು ನಡುಗಿಸುತ್ತಿದ್ದ ಲಲಿತಾ ಮಿಸ್ಸು ಚಾಪೆಯ ಮೇಲೆ ಕೂತು ಗುಂಡಿ ಬಿಚ್ಚಿದರು. ನಾನು ಹೊಸದಾಗಿ ಹಾಕುತ್ತಾ, ತಲೆಯೆತ್ತದೆ, ಆ ಬಾಲು ಯಾಕೆ ತಪ್ಪಿತು ಎಂಬುದನ್ನು ಅವರಿಗೂ ಹೇಳಿದೆ. ಅವರು ಕೈಯಲ್ಲಿದ್ದ ಅಂಗಿ ಕೆಳಗಿಟ್ಟು, "ಮೊದಲೇ ಹೇಳಬಾರದಿತ್ತೇನೇ?" ಎಂದರು. ಬಂದ ಗಿರಾಕಿ ಅರ್ಧ ಗಂಟೆ ಹೊರಗೆ ಕಾದ.

ಸಂಪಾದಿಸಿದ್ದನ್ನೆಲ್ಲ ಅಪ್ಪನ ಮುಂದಿಟ್ಟು, "ಕನ್ನಡಕಕ್ಕೆ" ಎಂದೆ. ಅಪ್ಪ ನನ್ನ ಬೆರಳುಗಳನ್ನು ನೋಡಿದರು. ಮರುವಾರ ಅವರೇ ಹಾಸನಕ್ಕೆ ಕರೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿಸಿದರು. ಕನ್ನಡಕ ಸಿದ್ಧವಾದ ದಿನ ಅಂಗಡಿಯ ಹೊರಗೆ ನಿಂತು, "ಎಲ್ಲಿ, ಕೊಡು ನೋಡೋಣ" ಎಂದು ತಮಾಷೆಗೆ ತಾವೂ ಹಾಕಿಕೊಂಡರು.

ಹಾಕಿಕೊಂಡವರು ತೆಗೆಯಲೇ ಇಲ್ಲ. ರಸ್ತೆಯಾಚೆಯ ಅಂಗಡಿಯ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದರು.

"ಎಲ್ಲರಿಗೂ ಹೀಗೇ ಕಾಣ್ಸತ್ತೇನೇ?"

"ಹೂಂ ಅಪ್ಪ, ಹೀಗೇ ಕಾಣತ್ತಂತೆ."

"ಎಲ್ಲರಿಗೂ ಮಬ್ಬಾಗೇ ಕಾಣೋದು ಅಂದ್ಕೊಂಡಿದ್ನಲ್ಲೇ ನಾನು!"

ಅಪ್ಪನಿಗೆ ಆಗ ನಲವತ್ತೈದು. ಎದುರು ಬಂದರೂ ಮಾತಾಡಿಸದ ಜಂಭಗಾರ ಎಂದು ಊರಿನಲ್ಲಿ ಹೆಸರಾಗಿದ್ದವರು. ಆ ದಿನ ನಾವಿಬ್ಬರೂ ಮತ್ತೆ ಒಳಗೆ ಹೋಗಿ ಇನ್ನೊಂದು ಕನ್ನಡಕಕ್ಕೆ ಹೇಳಿ ಬಂದೆವು.

ಈಗಲೂ ರಜೆ ಬಂತೆಂದರೆ ಮಕ್ಕಳ ಮುಂದೆ ನಮ್ಮದು ಒಂದೇ ಪ್ರಶ್ನೆ: ಆಟ ಬಿಡ್ತೀಯೋ, ಕೆಲಸ ಬಿಡ್ತೀಯೋ? ಎರಡನ್ನೂ ಹಿಡಿದುಕೊಂಡು ಏಗುವ ಮಗುವನ್ನು ಕಂಡರೆ ಹಟಮಾರಿ ಎನ್ನುತ್ತೇವೆ. ಇರಲಿ, ಹಟವೇ. ಆದರೆ ಗೌರಮ್ಮ ಕೇಳಿದ ಹಾಗೆ "ನಿಂಗ್ಯಾಕೆ ಈ ಪಾಡು" ಎಂದು ನೀವು ಒಮ್ಮೆಯಾದರೂ ಕೇಳಿದ್ದೀರಾ?