ಯಳಂದೂರಿನ ಮೂವತ್ತು ರೂಪಾಯಿ

ನನ್ನ ಗಂಡ ತೀರಿಕೊಂಡಾಗ ನನಗೆ ಇಪ್ಪತ್ತಾರು ವರ್ಷ. ನಮ್ಮೂರು ಕೊಳ್ಳೇಗಾಲ ಮದ್ರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆರೇಳು ವರ್ಷ ಕಳೆದಿತ್ತು. ಅವರು ಊರಿನ ಒಂದು ದಿನಸಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಜ್ವರ ಬಂದ ಒಂಬತ್ತನೆಯ ದಿನ ಅವರು ಹೋದರು.

ನಾನು ಅಳಲಿಲ್ಲ. ಅಳಬಾರದು ಎಂದುಕೊಂಡಿದ್ದೆ ಎಂದಲ್ಲ, ಅಳು ಬರಲಿಲ್ಲ, ಅಷ್ಟೆ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಕಲ್ಲು ಕಣವ್ವ ಇವಳು' ಎಂದು ಯಾರೋ ಅಡುಗೆಮನೆಯಲ್ಲಿ ಅಂದದ್ದು ನನಗೆ ಕೇಳಿಸಿತು. ಕೇಳಿಸಿದರೂ ಅದು ಬೇರೆ ಯಾರ ವಿಷಯವೋ ಎನ್ನುವ ಹಾಗಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಾರನೆಯ ದಿನ ಯಳಂದೂರಿನಿಂದ ಒಬ್ಬ ಹಿರಿಯರು ಬಂದರು. ಬಿಳಿ ಪಂಚೆ, ಕಂಕುಳಲ್ಲಿ ಛತ್ರಿ. ಜಗಲಿಯ ಮೇಲೆ ಕೂತು, ನೀರು ಕುಡಿದು, ಒಳಜೇಬಿನಿಂದ ಒಂದು ಪ್ರೋನೋಟು ತೆಗೆದರು. ಸಾವಿರದ ಇನ್ನೂರು ರೂಪಾಯಿ. ಕೆಳಗೆ ನನ್ನ ಗಂಡನ ಸಹಿ.

"ಏಳೋಕೆ ಬಾಯಿ ಬರಕ್ಕಿಲ್ಲ ಕಣ್ ತಾಯಿ," ಎಂದರು. "ಆದ್ರೂ ಏಳ್ದೆ ಓದ್ರೆ ನಾಳೆ ನಿಮಗೂ ತೊಂದ್ರೆ, ನಂಗೂ ತೊಂದ್ರೆ."

ಈ ಸಾಲದ ಸುದ್ದಿ ನಾನು ಕೇಳಿದ್ದು ಅದೇ ಮೊದಲು. "ಯಾತಕ್ಕೆ ತಕೊಂಡಿದ್ರು?" ಎಂದು ಕೇಳಿದೆ.

"ತಾಯಿಗೆ ಕಣ್ಣಿನ ಆಪರೇಶನ್ ಮಾಡಿಸ್ಬೇಕು ಅಂದಿದ್ರು."

ಅತ್ತೆಗೆ ಯಾವ ಆಪರೇಶನ್ನೂ ಆಗಿರಲಿಲ್ಲ. ನಾನು ಒಳಗೆ ತಿರುಗಿ ನೋಡಿದೆ. ಅತ್ತೆ ಬಾಗಿಲ ಸಂದಿಯಲ್ಲಿ ನಿಂತಿದ್ದವರು ಹಿತ್ತಲಿಗೆ ಹೋದರು.

ಮಧುವನಹಳ್ಳಿಯಿಂದ ಬಂದಿದ್ದ ನನ್ನ ಅಣ್ಣ ಆ ಸಂಜೆ ನನ್ನನ್ನು ಕರೆದು ಕೂರಿಸಿಕೊಂಡ. "ಸಾಲ ಅವನ್ದು, ನಿಂದಲ್ಲ. ಯಾವುದ್ಕೂ ಸಯಿ ಆಕ್ಬ್ಯಾಡ. ಬಟ್ಟೆ ಬರೆ ಕಟ್ಕೊ, ನಮ್ಮನೆಗೆ ಓಗಾನ. ಮುದುಕಿಗೆ ಕೌದಳ್ಳೀಲಿ ಮಗಳವಳೆ, ಅವಳು ನೋಡ್ಕತಾಳೆ."

ನಾನು ಹೋಗಲಿಲ್ಲ. ಮುಂದೆ ಊರವರು ಇದನ್ನು ದೊಡ್ಡ ಗುಣ ಎಂದು ಹೊಗಳಿದರು. ನಿಜ ಹೇಳಬೇಕೆಂದರೆ, ಟ್ರಂಕು ಇಳಿಸಿ ಸೀರೆಗಳನ್ನು ಮಡಿಸಿಡಲು ನನಗೆ ಕೈ ಏಳಲಿಲ್ಲ. ಇದ್ದಲ್ಲೇ ಇರುವುದು ಸುಲಭವಾಗಿತ್ತು, ಇದ್ದೆ. ಮುಂದಿನ ತಿಂಗಳು ಸಂಬಳ ಬಂದ ಮೇಲೆ ಯಳಂದೂರಿಗೆ ಹೋಗಿ ಆ ಪ್ರೋನೋಟಿನ ಹಿಂಬದಿಗೆ ಸಹಿ ಹಾಕಿದೆ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ತಿಂಗಳಿಗೆ ಮೂವತ್ತು ರೂಪಾಯಿ ಕೊಡುತ್ತೇನೆ ಎಂದೆ. ಆ ಹಿರಿಯರು ನನ್ನ ಮುಖವನ್ನೇ ನೋಡುತ್ತ, "ನಿಮ್ ಸಂಬಳ ಎಷ್ಟು ತಾಯಿ?" ಎಂದರು.

"ತೊಂಬತ್ತೆಂಟು."

"ಇಪ್ಪತ್ತು ಕೊಡಿ, ಸಾಕು."

"ಇಪ್ಪತ್ತು ಕೊಟ್ರೆ ಬಡ್ಡಿಗೇ ಹನ್ನೆರಡು ಹೋಗುತ್ತೆ, ಬೇಗ ಮುಗಿಯಲ್ಲ," ಎಂದೆ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಬಡ್ಡಿ ಲೆಕ್ಕ ಹೇಳಿಕೊಡುವವಳಿಗೆ ಅಷ್ಟು ಗೊತ್ತಿತ್ತು.

ಆಮೇಲಿನ ನಾಲ್ಕೂವರೆ ವರ್ಷ ನನ್ನ ನೆನಪಿನಲ್ಲಿ ಒಂದೇ ತಿಂಗಳಿನ ಹಾಗಿದೆ. ಸಂಬಳದ ದಿನ ಯಳಂದೂರಿನ ಮೂವತ್ತನ್ನು ಮೊದಲು ತೆಗೆದು ಸೀರೆಗಳ ಕೆಳಗೆ ಇಡುತ್ತಿದ್ದೆ. ಮನೆ ಬಾಡಿಗೆ ಹನ್ನೆರಡು. ಮೂಲೆ ಅಂಗಡಿಯಲ್ಲಿ ಗಂಡ ಬಾಕಿ ಇಟ್ಟಿದ್ದ ನೂರಿಪ್ಪತ್ತಕ್ಕೆ ತಿಂಗಳಿಗೆ ಹತ್ತು, ಒಂದು ವರ್ಷ. ಉಳಿದದ್ದರಲ್ಲಿ ರಾಗಿ, ಹುರುಳಿ, ಉಪ್ಪು, ಸೀಮೆಎಣ್ಣೆ. ಕಾಫಿ ಬಿಟ್ಟೆವು. ಹಾಲಿನವಳಿಗೆ ಬೇಡ ಎಂದೆವು. ಅತ್ತೆ ಕೆರೆ ಏರಿಯ ಕಡೆ ಹೋಗಿ ಮಡಿಲು ತುಂಬ ಸೊಪ್ಪು ಕಿತ್ತು ತರುತ್ತಿದ್ದರು. ವಾರದಲ್ಲಿ ಐದು ದಿನ ಉಪ್ಪುಸಾರು, ಮುದ್ದೆ. ಎರಡು ದಿನ ಹುರುಳಿಯ ಬಸ್ಸಾರು. ಸ್ಕೂಲಿಗೆ ಎರಡು ಸೀರೆ, ಒಂದನ್ನು ಒಗೆದು ಒಂದನ್ನು ಉಡುವುದು. ದೀಪಕ್ಕೆ ಒಂದೇ ಬುಡ್ಡಿ. ಅದು ಅಡುಗೆಮನೆಯಲ್ಲಿದ್ದರೆ ಪಡಸಾಲೆ ಕತ್ತಲೆ.

ನಾನು ಸ್ಕೂಲಿನ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಖರ್ಚು ಬರೆಯುತ್ತಿದ್ದೆ. ನಯಾ ಪೈಸೆ ಬಂದು ಎಷ್ಟೋ ವರ್ಷವಾಗಿದ್ದರೂ ಅತ್ತೆಗೆ ಎಲ್ಲವೂ ಆಣೆಯಲ್ಲೇ. ನಾನು ಮೂವತ್ತೇಳು ಪೈಸೆ ಅಂದರೆ ಅವರು ಆರಾಣೆ ಎಂದು ತಮ್ಮ ಲೆಕ್ಕಕ್ಕೆ ತಂದುಕೊಂಡು, ಆಮೇಲೆ, "ಜಾಸ್ತಿ ಆಯ್ತು" ಎನ್ನುತ್ತಿದ್ದರು. ನಮ್ಮಿಬ್ಬರ ನಡುವೆ ಬೇರೆ ಮಾತು ಕಡಿಮೆ. ಮಗನ ಹೆಸರನ್ನು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಆರು ತಿಂಗಳಾದ ಮೇಲೆ ಅತ್ತೆ ತಾವಾಗಿಯೇ ಪಕ್ಕದ ಬೀದಿಯ ನೇಯುವವರ ಮನೆಗೆ ಹೋಗಿ ರೇಷ್ಮೆ ನೂಲು ಸುತ್ತುವ ಕೆಲಸ ಕೇಳಿಕೊಂಡು ಬಂದರು. ನಾನು ಸ್ಕೂಲಿನಿಂದ ಬರುವಾಗ ಕಿಟಕಿಯ ಕೆಳಗೆ ರಾಟೆ ತಿರುಗಿಸುತ್ತ ಕೂತಿರುತ್ತಿದ್ದರು. ತಿಂಗಳಿಗೆ ಎಂಟೋ ಒಂಬತ್ತೋ ರೂಪಾಯಿ ಬರುತ್ತಿತ್ತು. ಒಂದು ಕಾಸೂ ತಾವು ಇಟ್ಟುಕೊಳ್ಳದೆ ನನ್ನ ಕೈಗೆ ಹಾಕುತ್ತಿದ್ದರು. "ಎಲೆ ಅಡಿಕೆಗೆ ಇಟ್ಕೊಳ್ಳಿ ಅತ್ತೆ" ಅಂದರೆ, "ಬಿಟ್ಬುಟ್ಟಿವ್ನಿ" ಎಂದರು. ಕೌದಳ್ಳಿಯ ನಾದಿನಿ ಸುಗ್ಗಿ ಮುಗಿದ ಮೇಲೆ ಬಸ್ಸಿನ ಮೇಲೆ ಒಂದು ಮೂಟೆ ರಾಗಿ ಕಳಿಸುತ್ತಿದ್ದಳು. ಅದರಲ್ಲಿ ನಾವು ನಾಲ್ಕೈದು ತಿಂಗಳು ದೂಡುತ್ತಿದ್ದೆವು. ತನ್ನ ಅಣ್ಣ ಸತ್ತರೂ ಅವಳು ತವರನ್ನು ಮರೆಯಲಿಲ್ಲವಲ್ಲ ಎಂದುಕೊಂಡಿದ್ದೆ.

ಮೂರನೆಯ ವರ್ಷ ಒಂದು ಮಧ್ಯಾಹ್ನ ನೇಯುವವರ ಮನೆಯ ಯಜಮಾನಿತಿ ಸ್ಕೂಲಿಗೇ ಬಂದಳು. ಸೆರಗಿನಿಂದ ಒಂದು ಹಿಡಿ ನೂಲು ತೆಗೆದು ತೋರಿಸಿದಳು. ಬರೀ ಗಂಟು.

"ಬೇಜಾರ್ ಮಾಡ್ಕಬ್ಯಾಡಿ ಟೀಚರಮ್ಮ. ನಿಮ್ಮತ್ತೆಗೆ ಕಣ್ಣು ಕಾಣಕ್ಕಿಲ್ವಾ? ಎರಡು ತಿಂಗಳಿಂದ ಇಂಗೇಯ. ನಮ್ಮೆಜಮಾನ್ರು ಬೋ ಕ್ವಾಪ ಮಾಡ್ಕತಾವ್ರೆ."

ಆ ಸಂಜೆ ಊಟಕ್ಕೆ ಕೂತಾಗ ನಾನು ಅತ್ತೆಯನ್ನೇ ನೋಡಿದೆ. ಅವರ ಕೈಯ ಸಾರಿನ ಸೌಟು ತಟ್ಟೆಯ ಅಂಚಿಗೆ ಬಡಿದು ಅರ್ಧ ನೆಲಕ್ಕೆ ಚೆಲ್ಲಿತು. ಅವರು ಬೆರಳಿನಿಂದ ತಟ್ಟೆಯನ್ನು ಹುಡುಕಿ ಹತ್ತಿರಕ್ಕೆ ಎಳೆದುಕೊಂಡರು. ಇದು ಎಷ್ಟು ದಿನದಿಂದ ಹೀಗಿತ್ತೋ. ಒಂದೇ ಮನೆಯಲ್ಲಿದ್ದು, ದಿನಾ ಎದುರಿಗೆ ಕೂತು ಉಂಡು, ನಾನು ಇದನ್ನು ಕಂಡಿರಲಿಲ್ಲ.

"ಯಾಕೆ ಹೇಳ್ಲಿಲ್ಲ ಅತ್ತೆ?"

"ಏಳುದ್ರೆ ದುಡ್ಡು ಕೇಳ್ದಂಗಾಯ್ತದೆ."

ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು: "ಆ ಸಾವಿರದಿನ್ನೂರು ಕೇಳ್ದೋಳು ನಾನೇ ಕಣವ್ವ. ಕೌದಳ್ಳಿ ಅಳಿಯ ಅಂಗಡಿ ಇಡ್ತೀನಿ, ದುಡ್ಡು ತಕಂಡು ಬಾ, ಇಲ್ದಿದ್ರೆ ಬರ್ಲೇಬ್ಯಾಡ ಅಂತ ಮಗಳ್ನ ಕಳಿಸ್ಬುಟ್ಟಿದ್ದ. ಆಗ ನೀನು ಟ್ರೈನಿಂಗ್ ಅಂತ ಮೈಸೂರಲ್ಲಿದ್ದೆ. ನಾನು ಮಗನ ಕಾಲು ಕಟ್ಕಂಡೆ. ನಿಂಗೆ ಏಳ್ಬ್ಯಾಡ ಅಂತಲೂ ನಾನೇ ಅಂದೆ. ಇವ್ಳು ದುಡಿಯೋಳು, ಏನಂದ್ಕತಾಳೋ ಅಂತ."

"ಅಂಗಡಿ?"

"ಒಂದು ವರ್ಷ ನಡೀತು. ಮುಚ್ಚೋಯ್ತು. ಮಗಳು ಮಾತ್ರ ಅಲ್ಲೇ ಉಳಕಂಡ್ಳು. ಆ ರಾಗಿ, ಅವಳು ಕೂಲಿ ಮಾಡಿ ಕಳಿಸಾದು."

ನನಗೆ ಸಿಟ್ಟು ಬರಬೇಕಿತ್ತು. ಮೂರು ವರ್ಷ ನನ್ನ ಗಂಡನ ಬಗ್ಗೆ ಏನೇನೋ ಯೋಚಿಸಿದ್ದೆ. ಇಸ್ಪೀಟು ಇರಬಹುದೇ, ಬೇರೆ ಯಾರಾದರೂ ಇರಬಹುದೇ ಎಂದು. ಈಗ ಉತ್ತರ ಸಿಕ್ಕಿತ್ತು. ಒಳಗೆ ಏನೂ ಅಲುಗಾಡಲಿಲ್ಲ. ನೆಲದ ಸಾರನ್ನು ಬಟ್ಟೆಯಿಂದ ಒರೆಸಿ, ಅವರ ತಟ್ಟೆಗೆ ಇನ್ನೊಂದು ಸೌಟು ಹಾಕಿ, "ಉಣ್ಣಿ ಅತ್ತೆ, ಆರಿಹೋಗುತ್ತೆ" ಎಂದೆ. ಅವರು ಉಂಡರು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಪೊರೆ ತೆಗೆಯುವುದಕ್ಕೆ ದುಡ್ಡು ಕೊಡಬೇಕಾಗಿರಲಿಲ್ಲ. ಆದರೆ ಬಸ್ಸಿನ ಚಾರ್ಜು, ಹದಿನೈದು ದಿನ ಅಲ್ಲಿ ಇರುವ ಖರ್ಚು, ಕನ್ನಡಕ, ನನ್ನ ಸಂಬಳವಿಲ್ಲದ ರಜೆ ಎಲ್ಲ ಸೇರಿ ಎರಡು ತಿಂಗಳ ಕಂತು ನಿಲ್ಲಿಸಬೇಕಾಯಿತು. ಕೇಳಲು ಯಳಂದೂರಿಗೆ ಹೋದೆ. ಹಿರಿಯರ ಹೆಂಡತಿ ಎಂದಿನಂತೆ ಮಜ್ಜಿಗೆ ತಂದಿಟ್ಟರು.

"ಅತ್ತೆ ಕಣ್ಣಿಗೆ ಆಪರೇಶನ್ ಮಾಡಿಸ್ಬೇಕು," ಎಂದೆ.

ಹಿರಿಯರು ಹುಬ್ಬು ಗಂಟಿಕ್ಕಿದರು. "ಅದು ಆಗ್ಲೇ ಆಗಿತ್ತಲ್ಲ ತಾಯಿ? ನಿಮ್ ಯಜಮಾನ್ರು ಅದಕ್ಕೇ ಅಲ್ವಾ ತಕಂಡು ಓಗಿದ್ದು?"

ಲೋಟ ಕೆಳಗಿಟ್ಟೆ. "ಆಗ ಒಂದು ಕಣ್ಣಿಗೆ ಮಾಡಿಸಿದ್ರು," ಎಂದೆ. "ಇದು ಇನ್ನೊಂದು."

ಅವರು ನಂಬಿದರೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. "ಮೂರು ತಿಂಗಳು ಬುಡಿ," ಎಂದರು. "ಆ ಮೂರು ತಿಂಗಳಿಗೆ ಬಡ್ಡಿ ಬ್ಯಾಡ." ನಾನು ಎರಡೇ ತಿಂಗಳು ಬಿಟ್ಟೆ.

ಆಪರೇಶನ್ ಆದ ಕಣ್ಣಿಗೆ ದೃಷ್ಟಿ ಬಂತು. ಇನ್ನೊಂದು ಹಾಗೇ ಉಳಿಯಿತು. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅತ್ತೆ ಮೊದಲ ಬಾರಿಗೆ ನನ್ನನ್ನು ನೋಡಿದಾಗ, "ಎಷ್ಟು ಬಡವಾಗ್ಬುಟ್ಟಿದ್ದೀಯ" ಎಂದರು. ನೂಲಿನ ಕೆಲಸಕ್ಕೆ ಮತ್ತೆ ಹೋಗಬೇಡಿ ಎಂದೆ. ಆ ಎಂಟು ರೂಪಾಯಿ ತುಂಬಲು ನಾನು ಸಂಜೆ ಇಬ್ಬರು ಹುಡುಗಿಯರಿಗೆ ಮನೆಪಾಠ ಹೇಳಿದೆ.

ಕೊನೆಯ ಕಂತು ಹದಿನೇಳು ರೂಪಾಯಿ ಚಿಲ್ಲರೆ. ಹಿರಿಯರು ಪ್ರೋನೋಟಿನ ಮೇಲೆ ಅಡ್ಡಗೆರೆ ಎಳೆದು ನನ್ನ ಕೈಗೆ ಕೊಟ್ಟರು. ಅವರ ಹೆಂಡತಿ ಕುಂಕುಮದ ಬಟ್ಟಲು ತಂದವರು, ನನ್ನ ಹಣೆ ನೋಡಿ ನಿಂತು, ವಾಪಸು ಹೋಗಿ ಎರಡು ಬಾಳೆಹಣ್ಣು ತಂದರು. ಬಸ್ಸಿನಲ್ಲಿ ಕೂತು ಕಾಗದ ಬಿಡಿಸಿ ಗಂಡನ ಸಹಿ ನೋಡಿದೆ. ಸಂತೋಷವಾಗುತ್ತದೆಂದು ಕಾದೆ. ಕೊಳ್ಳೇಗಾಲ ಬಂತು, ಇಳಿದೆ.

ಮುಂದಿನ ಜೂನಿನಲ್ಲಿ ನನಗೆ ಹನೂರಿಗೆ ವರ್ಗವಾಯಿತು. ನಾನೇ ಕೇಳಿಕೊಂಡಿದ್ದೆ. ಕೌದಳ್ಳಿ ಅಲ್ಲಿಗೆ ಹತ್ತಿರ, ಅತ್ತೆ ತಮ್ಮ ಮಗಳನ್ನು ನೋಡಬಹುದು. ಹಾಲಿನವಳನ್ನು ಗೊತ್ತು ಮಾಡಿಕೊಂಡೆವು. ನಾದಿನಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಳು. ಸಾಲದ ಮಾತನ್ನು ಅವಳು ಒಮ್ಮೆ ಎತ್ತಿದಾಗ ನಾನು, "ನಿನ್ನ ರಾಗಿ ತಿಂದೇ ತೀರಿಸಿದ್ದು" ಎಂದೆ. ಅದು ನಿಜವೂ ಆಗಿತ್ತು.

ಅಲ್ಲಿ ಸೇರಿ ಎರಡು ತಿಂಗಳಾಗಿರಬೇಕು. ಮಧ್ಯಾಹ್ನದ ಹೊತ್ತು ಮಕ್ಕಳ ಸ್ಲೇಟು ತಿದ್ದುತ್ತಿದ್ದೆ. ಕಿಟಕಿಯ ಆಚೆ ಯಾರೋ ಸೈಕಲ್ ನಿಲ್ಲಿಸಿ, ನನ್ನ ಗಂಡ ಕೆಮ್ಮುತ್ತಿದ್ದ ಹಾಗೆಯೇ ಎರಡು ಸಲ ಕೆಮ್ಮಿದರು. ಬಳಪ ಕೈಯಿಂದ ಬಿತ್ತು. ಅಳು ಎಲ್ಲಿತ್ತೋ, ಬಂದುಬಿಟ್ಟಿತು. ಮಕ್ಕಳ ಮುಂದೆಯೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಹೆಡ್‌ಮಾಸ್ಟರು ಬಂದು ಮನೆಗೆ ಕಳಿಸಿದರು.

ಅತ್ತೆ ಬಾಗಿಲಲ್ಲೇ ನನ್ನ ಮುಖ ನೋಡಿದರು. "ಬಾ, ಕೂತ್ಕೊ," ಎಂದರು. ಪಡಸಾಲೆಯ ಕಂಬಕ್ಕೆ ಒರಗಿ ಕೂತೆ. ಅವರು ಪಕ್ಕದಲ್ಲಿ ಕೂತು, ಕನ್ನಡಕ ತೆಗೆದು ನೆಲದ ಮೇಲಿಟ್ಟು, ಮಗನ ಹೆಸರು ಹಿಡಿದು ಜೋರಾಗಿ ಅಳತೊಡಗಿದರು. ಸಂಜೆ ಹಾಲಿನವಳು ಬಂದು ಕೂಗುವವರೆಗೂ ನಾವಿಬ್ಬರೂ ಎದ್ದಿರಲಿಲ್ಲ.