ರೋಬೋಟಿಗಿಂತ ಮೊದಲು ಒಡೆದ ಕಾಯಿ

ನನ್ನ ಗರ್ಭಕೋಶ ಅರ್ಧ ಮಾತ್ರ ಸರಿಯಾಗಿ ಬೆಳೆದಿದೆ, ಪಕ್ಕದಲ್ಲಿ ದಾರಿಯೇ ಇಲ್ಲದ ಇನ್ನೊಂದು ಪುಟ್ಟ ಚೀಲವಿದೆ, ತಿಂಗಳು ತಿಂಗಳೂ ರಕ್ತ ಅಲ್ಲೇ ಕಟ್ಟಿಕೊಳ್ಳುತ್ತಿದೆ, ಮುಟ್ಟಾದಾಗಿನ ಈ ನೋವೆಲ್ಲ ಅದರದ್ದೇ ಎಂದು ಬೆಂಗಳೂರಿನ ಡಾಕ್ಟರಮ್ಮ ಹೇಳಿದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹುಟ್ಟಿನಿಂದಲೇ ಹೀಗಂತೆ. ಆ ಪಕ್ಕದ ಕಿಡ್ನಿಯೂ ಇಲ್ಲವಂತೆ. ತಿಪಟೂರಿನ ನಮ್ಮ ಕೊಬ್ಬರಿ ಮಂಡಿಯಲ್ಲಿ, ಕಾಯಿ ಅಲ್ಲಾಡಿಸಿಯೇ ಒಳಗೇನಿದೆ ಎಂದು ಹೇಳಿಬಿಡುತ್ತೇನೆ ಎಂದು ಮೆರೆಯುತ್ತಿದ್ದವಳು ನಾನು. ನನ್ನ ಒಳಗೆ ಏನಿದೆ, ಏನಿಲ್ಲ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ!

ಆ ಚೀಲ ತೆಗೆಯಬೇಕು, ಒಳ್ಳೆಯ ಅರ್ಧಕ್ಕೆ ಪೆಟ್ಟಾಗಬಾರದು, ರೋಬೋಟ್ ನೆರವಿನಿಂದ ಮಾಡುತ್ತೇವೆ ಎಂದರು. ರೋಬೋಟ್ ಅಂದರೆ ಕಣ್ಣು ಮಿಟುಕಿಸುತ್ತ ನಡೆದು ಬರುತ್ತದೆ ಎಂದುಕೊಂಡು, "ಅದರ ತಲೆ ಕೆಟ್ರೆ ನನ್ನ ಗತಿ ಏನ್ ಮೇಡಂ?" ಎಂದು ಕೇಳಿಯೇಬಿಟ್ಟೆ.

"ಅದು ತಾನಾಗೇ ಏನೂ ಮಾಡಲ್ಲಮ್ಮ. ನಾನು ಅಲ್ಲೇ ಕೂತು ಅದರ ಕೈ ಆಡಿಸ್ತೀನಿ," ಎಂದರು. ನನ್ನ ಬಿ.ಕಾಂ. ಮರ್ಯಾದೆ ಅಲ್ಲಿಗೆ ಮುಗಿಯಿತು.

ಅಮ್ಮನದು ಬೇರೆ ಚಿಂತೆ. "ಆಸ್ಪತ್ರೆ ಬಾಗ್ಲಲ್ಲಿ ಗಣಪತಿ ಅವ್ನೆ. ಒಂದು ಕಾಯಿ ಒಡ್ದು ಒಳಕ್ಕೋಗಾಣ ಕಣೇ. ಒಳ್ಳೇದು ಆರಿಸ್ಕೊಂಡು ಬಾ." ಆರಿಸುವುದನ್ನು ನನಗೆ ಹೇಳಿಕೊಡಬೇಕೇ? ಅಟ್ಟ ಹತ್ತಿ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿದೆ. ಗಡಗಡ ಎಂದು ಚೆನ್ನಾಗಿ ಸದ್ದು ಮಾಡಿದ್ದನ್ನು ಸುಲಿಸಿ ಬ್ಯಾಗಿಗೆ ಹಾಕಿಕೊಂಡೆ.

ಆಪರೇಷನ್ ದಿನ ಗಣಪತಿಯ ಮುಂದಿನ ಕಲ್ಲಿಗೆ ಅಮ್ಮ ಅದನ್ನು ಕುಕ್ಕಿದಳು. ಒಂದು ತೊಟ್ಟು ನೀರು ಬರಲಿಲ್ಲ. ಚಿಪ್ಪು ಎರಡು ಹೋಳಾಗಿ, ಒಳಗಿನ ಉಂಡೆ ಕೊಬ್ಬರಿ ಇಡಿಯಾಗಿ ಹೊರಬಿದ್ದು ಆಂಬುಲೆನ್ಸ್ ನಿಂತಿದ್ದ ಕಡೆಗೆ ಉರುಳಿಕೊಂಡು ಹೋಯಿತು. ದೇವರಿಗೆ ನೀರಿರುವ ಕಾಯಿ ಒಡೆಯಬೇಕು ಎಂದು ಯಾರಿಗೆ ಗೊತ್ತಿಲ್ಲ? ಮಂಡಿಯ ಚಾಳಿಗೆ ನಾನು ನೀರು ಬತ್ತಿ ಗಡಗಡ ಎನ್ನುವ, ಮಾರುವ ಮಾಲು ಆರಿಸಿದ್ದೆ!

"ಥೂ ನಿನ್ನ! ದೇವ್ರತ್ರನೂ ಯಾಪಾರಕ್ಕೆ ನಿಂತ್ಯೇನೇ?" ಎಂದ ಅಮ್ಮನ ಮುಖ ಮರುಕ್ಷಣವೇ ಬಿಳಿಚಿಕೊಂಡಿತು. ಅಪಶಕುನವಾಯಿತೆಂದು ಗಣಪತಿಯ ಮುಂದೆ ಗಲ್ಲ ಗಲ್ಲ ಬಡಿದುಕೊಂಡಳು.

ಶಕುನ ಗಿಕುನ ಎಂದರೆ ಗೇಲಿ ಮಾಡುತ್ತಿದ್ದ ನನಗೂ ಈಗ ಹೆದರಿಕೆ ಹತ್ತಿತು. ಒಳ್ಳೆಯ ಅರ್ಧವೂ ಹೋಗಿಬಿಟ್ಟರೆ? ಸ್ಟ್ರೆಚರ್ ಮೇಲೆ ಮಲಗಿ, "ಇವತ್ತು ಬ್ಯಾಡ ಮೇಡಂ, ಕಾಯಲ್ಲಿ ನೀರಿರ್ಲಿಲ್ಲ," ಎಂದೆ.

"ಒಳಗೆ ಕೆಟ್ಟಿತ್ತಾ?"

"ಛೇ, ನಾನು ಆರಿಸಿದ್ದು ಮೇಡಂ! ಫಸ್ಟ್ ಕ್ಲಾಸ್ ಕೊಬ್ಬರಿ."

ಜೀವ ಬಾಯಿಗೆ ಬಂದಿದ್ದರೂ ಜಂಬ ಬಿಡಲಿಲ್ಲ. ಡಾಕ್ಟರಮ್ಮ ನಕ್ಕು ಒಳಕ್ಕೆ ಕರೆದುಕೊಂಡು ಹೋದರು. ರೋಬೋಟಿಗೆ ಮುಖವೂ ಇಲ್ಲ, ಮೂತಿಯೂ ಇಲ್ಲ. ಹೊಸ ಸೋಫಾದ ಹಾಗೆ ಪ್ಲಾಸ್ಟಿಕ್ ಹೊದ್ದ ನಾಲ್ಕು ಕೈ, ಅಷ್ಟೇ. ನೋಡುತ್ತಿದ್ದಂತೆ ಮಂಪರು ಹತ್ತಿತು.

ಎಚ್ಚರವಾದಾಗ ಚೀಲ ಹೋಗಿತ್ತು, ಒಳ್ಳೆಯ ಅರ್ಧ ಉಳಿದಿತ್ತು. ನೋವು ಹೋಯಿತೋ ಇಲ್ಲವೋ ಎನ್ನುವುದು ಮುಟ್ಟಾದಾಗಲೇ ಗೊತ್ತಾಗುವುದು ಎಂದರು.

ಊರಿಗೆ ಬಂದ ಮೇಲೆ ಆ ದಿನವೂ ಬಂತು. ಮಾತ್ರೆ, ಬಿಸಿನೀರು, ಹಲ್ಲಲ್ಲಿ ಕಚ್ಚಿಕೊಳ್ಳಲು ಟವೆಲ್ಲು ಎಲ್ಲ ಹೊಂದಿಸಿಕೊಂಡು, ಯುದ್ಧಕ್ಕೆ ಹೊರಟವಳ ಹಾಗೆ ಗೋಡೆಗೊರಗಿ ಕಾದೆ. ಸೊಂಟ ಕೊಂಚ ಜಗ್ಗಿದಂತಾಯಿತು. ಮಧ್ಯಾಹ್ನವಾದರೂ ಬೇರೇನೂ ಆಗಲಿಲ್ಲ. ಆಮೇಲೆ ಹಸಿವಾಯಿತು. ಮುಟ್ಟಾದ ದಿನ ನನಗೆ ಹಸಿವಾಗಿದ್ದು ಅದೇ ಮೊದಲು. ಮುದ್ದೆ ಸಾರು ಉಂಡು ಕೈ ತೊಳೆಯಲು ಎದ್ದವಳು, ನಿಂತಲ್ಲೇ ಗೊಳೋ ಎಂದು ಅತ್ತೆ.

"ಬಂತೇನೇ ನೋವು?" ಅಮ್ಮ ಓಡಿ ಬಂದಳು.

"ಇಲ್ಲ ಕಣಮ್ಮ. ಮಿಕ್ಕೋರ್ಗೆಲ್ಲ ಯಾವಾಗ್ಲೂ ಹಿಂಗೇನಾ ಇದ್ದಿದ್ದು?"