ಅಕ್ಕನ ಡಬ್ಬಿ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅವನನ್ನು ಎಲ್ಲರೂ ಕರೆಯುವುದು ಘಮಘಮಣ್ಣ ಎಂದೇ. ಬಾಣಲೆಗೆ ಅವನು ಈರುಳ್ಳಿ ಹಾಕಿದರೆ ಸಾಕು, ಊಟದ ಗಂಟೆಗೆ ಮೊದಲೇ ಜನ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಅಂಥವನ ಅಡುಗೆ ಕಂಡರೆ ಈಗ ಕಟ್ಟಿಕೊಂಡ ಹೆಂಡತಿಗೇ ವಾಕರಿಕೆ!

ಕ್ಯಾನ್ಸರಿನ ಔಷಧಿಯಿಂದ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು, ವಾಂತಿಗೆ ಮಾತ್ರೆಯನ್ನೂ ಕೊಟ್ಟಿದ್ದರು. ತೂಕ ಇನ್ನೂ ಇಳಿದರೆ ಮುಂದಿನ ಸುತ್ತಿನ ಔಷಧಿಯನ್ನು ಮುಂದೂಡಬೇಕಾದೀತು ಎಂದೂ ಎಚ್ಚರಿಸಿದ್ದರು. ಅದೆಲ್ಲ ಸರಿ. ಆದರೆ ಅವನು ಹಬೆಯಾಡುವ ತಟ್ಟೆ ತಂದಿಟ್ಟರೆ ಮುಖ ತಿರುಗಿಸುವವಳು, ತನ್ನ ಅಕ್ಕ ತಂದ ಡಬ್ಬಿಗೆ ಮಾತ್ರ ಕೈಚಾಚುತ್ತಾಳಲ್ಲ, ಅದಕ್ಕೇನನ್ನಬೇಕು? ಅದರಲ್ಲಿ ಇದ್ದದ್ದಾದರೂ ಏನು, ಹಿಸುಕಿದ ಆಲೂಗಡ್ಡೆ, ಅದೂ ತಣ್ಣಗೆ! ಕದ್ದು ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿದ. ಬರೀ ಸಪ್ಪೆ. ಹೊಟ್ಟೆ ಉರಿದುಹೋಯಿತು. ಹಟಕ್ಕೆ ಬಿದ್ದು ಅಂದು ಇನ್ನಷ್ಟು ಮಸಾಲೆ ಹುರಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು.

ಒಂದು ಬೆಳಿಗ್ಗೆ ಆ ಅಕ್ಕನಿಂದ ಫೋನು ಬಂತು.

"ನನಗೆ ಜ್ವರ. ಈಗ ಅವಳ ಹತ್ರ ಬರಬಾರದು. ನೀವೇ ಏನಾದ್ರೂ ಮಾಡಿಕೊಡಿ."

"ನಾನು ಮಾಡಿದ್ದು ಅವಳ ಗಂಟಲಲ್ಲಿ ಇಳಿಯಲ್ಲ ಬಿಡಿ," ಎಂದ ಮುಖ ಊದಿಸಿಕೊಂಡು.

"ಅಯ್ಯೋ, ರುಚಿ ಅಲ್ಲ ಕಣ್ರೀ, ವಾಸನೆ! ಬಿಸಿ ಇದ್ರೆ ಘಮ್ಮಂತ ಏಳುತ್ತೆ, ಅವಳಿಗೆ ಹೊಟ್ಟೆ ತೊಳಸುತ್ತೆ. ಮನೇಲಿ ಬೇಯಿಸಬೇಡಿ. ಆರಿಸಿ, ಚೂರು ಚೂರೇ ಕೊಡಿ. ನೊಂದ್ಕೋತೀರಂತ ನಿಮಗೆ ಹೇಳಬೇಡ ಅಂದಿದ್ದಳು."

ಇಷ್ಟು ವರ್ಷ ಯಾರ ಮುಂದೂ ತಣ್ಣಗಿನ ತಟ್ಟೆ ಇಟ್ಟವನಲ್ಲ. ಅಂದು ಕ್ಯಾಂಟೀನಿನಲ್ಲೇ ಆಲೂಗಡ್ಡೆ ಬೇಯಿಸಿ, ನಯವಾಗಿ ಹಿಸುಕಿ, ಹದವಾಗಿ ಉಪ್ಪು ಬೆರೆಸಿ, ಫ್ಯಾನಿನ ಕೆಳಗೆ ಆರಲು ಬಿಟ್ಟ. ಮೈ ತೊಳೆದು ಅಂಗಿ ಬದಲಿಸಿದ. ತನ್ನ ಪಾತ್ರೆ ಕಂಡರೂ ಅವಳಿಗೆ ವಾಕರಿಕೆ ಬಂದೀತೆಂದು ಹೆದರಿ, ಮನೆಯಿಂದ ಒಯ್ದಿದ್ದ ಅಕ್ಕನ ಡಬ್ಬಿಗೇ ತುಂಬಿ ತಂದ. ಜ್ವರದ ಸುದ್ದಿ ಬಾಯಿಬಿಡಲಿಲ್ಲ.

ಅವಳು ಒಂದು ಚಮಚ ತಿಂದಳು. ತಡೆದು ಇನ್ನೊಂದು. ಅವನು ಬಚ್ಚಲ ಬಾಗಿಲನ್ನೇ ನೋಡುತ್ತಿದ್ದ. ಅವಳು ಏಳಲಿಲ್ಲ.

"ಏನೇ ಹೇಳಿ, ನಮ್ಮಕ್ಕನ ಕೈರುಚಿನೇ ಬೇರೆ ರೀ," ಎಂದಳು ತಳ ಕೆರೆಯುತ್ತ. "ಇವತ್ತಂತೂ ಬೆಣ್ಣೆ ಥರ ಮಾಡಿದ್ದಾಳೆ."

ಮಾಡಿದ್ದು ನಾನು ಕಣೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹೇಳಿದ ಮೇಲೆ ನಾಳೆ ಇವಳು ಡಬ್ಬಿ ಮುಟ್ಟದಿದ್ದರೆ?

"ಹೌದೌದು, ನಿಮ್ಮಕ್ಕನ್ನ ಮೀರಿಸೋರು ಯಾರಿದ್ದಾರೆ?" ಎಂದ. "ಸಂಜೆಗೂ ಮಾಡಿ ಕಳಿಸ್ತಾರಂತೆ."